ಇಳಿಜಾರಿನಲ್ಲಿ ಎಡ ಬಲ

ಏಪ್ರಿಲ್ 9

ಎಲ್ಡನ್‌ಗೆ ಏಳು ಗಂಟೆಯ ಮಾತ್ರೆ. ಬಲಗೈ ಬೆರಳುಗಳನ್ನು ಬಿಸಿನೀರಿನಲ್ಲಿಟ್ಟು ಒಂದೊಂದಾಗಿ ಬಿಡಿಸಿದೆ. ಅವನಿಗೆ ಲಕ್ವ ಹೊಡೆದು ಬರುವ ತಿಂಗಳಿಗೆ ಎರಡು ವರ್ಷ. ಮೊಟ್ಟೆ, ಟೋಸ್ಟ್, ಕಾಫಿ. ಆಮೇಲೆ ಎಂದಿನಂತೆ ಹಿಂಬಾಗಿಲಲ್ಲಿ ನಿಂತು ಗುಡ್ಡದ ಸಾಲು ನೋಡಿದೆ. ಹೊಗೆ ಇಲ್ಲ. ಕರಗದ ಹಿಮ ಇನ್ನೂ ಅಲ್ಲಲ್ಲಿ ಬಿದ್ದಿದೆ, ಹೊಗೆ ಎಲ್ಲಿಂದ ಬರಬೇಕು. ಆದರೂ ನೋಡುತ್ತೇನೆ.

ಕಳೆದ ಆಗಸ್ಟ್‌ನ ಕಾಡ್ಗಿಚ್ಚು ಎರಡು ಗುಡ್ಡಗಳಾಚೆ ನಿಂತಿತು. ಗಾಳಿ ತಿರುಗಿತು, ಅಷ್ಟೇ. ಅವತ್ತು ಎಲ್ಡನ್‌ನನ್ನು ಕಾರಿಗೆ ಹತ್ತಿಸಲು ನನಗೊಬ್ಬಳಿಗೆ ನಲವತ್ತು ನಿಮಿಷ ಹಿಡಿಯಿತು. ಕೆಳಗಿಳಿಯಲು ಇರುವುದು ಒಂದೇ ರಸ್ತೆ. ಆ ನಲವತ್ತು ನಿಮಿಷ ಚಳಿಗಾಲವಿಡೀ ನನ್ನ ಬೆನ್ನು ಬಿಡಲಿಲ್ಲ.

ಕಣಿವೆಯಲ್ಲಿ ಪ್ರೂಯಿಟ್ ಅನ್ನುವವನ ಹತ್ತಿರ ಹಳೆಯ ಬುಲ್ಡೋಜರ್ ಇದೆಯಂತೆ. ಮನೆ ಸುತ್ತ ಮರ ಪೊದೆ ತೆಗೆದು ಬರಿ ಮಣ್ಣಿನ ಪಟ್ಟಿ ಎಳೆದರೆ ಬೆಂಕಿ ದಾಟಲಾರದು ಅನ್ನುತ್ತಾರೆ. ಎಲ್ಡನ್‌ಗೆ ಹೇಳಿಲ್ಲ.

ಏಪ್ರಿಲ್ 11

ಅಪ್ಪನ ಮೀನು ಹಿಡಿಯುವ ದೋಣಿ ಕೊಟ್ಟೆ, ಬುಲ್ಡೋಜರ್ ತಂದೆ. ನನಗಿಂತ ಮೂರು ವರ್ಷ ದೊಡ್ಡದು, ಅಂದರೆ ಅರವತ್ತನಾಲ್ಕು. ಬಣ್ಣ ಒಂದು ಕಾಲಕ್ಕೆ ಹಳದಿ ಇದ್ದಿರಬೇಕು. ಚಕ್ರದ ಬದಲು ಇರುವ ಕಬ್ಬಿಣದ ಚೈನಿನ ಸಂದಿಯಲ್ಲಿ ಪೈನ್ ಸಸಿಯೊಂದು ನನ್ನ ಸೊಂಟದೆತ್ತರಕ್ಕೆ ಬೆಳೆದಿತ್ತು, ಗರಗಸದಲ್ಲಿ ಕೊಯ್ದು ತೆಗೆಯಬೇಕಾಯಿತು. ಎಂಜಿನ್ ಹೇಗಿದೆ ಅಂತ ಕೇಳಿದೆ.

“ಕೊನೇ ಸಲ ಸ್ಟಾರ್ಟ್ ಮಾಡಿದಾಗ ಚೆನ್ನಾಗೇ ಇತ್ತು ಕಣಮ್ಮ,” ಅಂದ ಪ್ರೂಯಿಟ್.

ಅದು ಯಾವಾಗ ಅಂದರೆ, ಹನ್ನೆರಡು ವರ್ಷದ ಹಿಂದೆ.

ಅದನ್ನು ಟ್ರೇಲರಿನಿಂದ ಇಳಿಸುವುದನ್ನು ಎಲ್ಡನ್ ಅಡುಗೆಮನೆ ಕಿಟಕಿಯಿಂದ ನೋಡಿದ. ಆಮೇಲೆ ಒಳ್ಳೆಯ ಕೈಯಿಂದ ಗಾಲಿಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತ. ಮರದ ಕಂಪನಿಯಲ್ಲಿ ಇಂಥವನ್ನೇ ಮೂವತ್ತು ವರ್ಷ ಓಡಿಸಿದವನು. ಅವನ ತಮ್ಮ ಕರ್ಟಿಸ್ ಹತ್ತೊಂಬತ್ತನೇ ವಯಸ್ಸಿನಲ್ಲಿ ಸತ್ತದ್ದು ಇಂಥದರ ಕೆಳಗೇ, ಒಂದು ಇಳಿಜಾರಿನಲ್ಲಿ. ನನಗೆ ಗೊತ್ತಿರುವುದು ಅಷ್ಟೇ. ಮದುವೆಯಾಗಿ ಮೂವತ್ತೈದು ವರ್ಷವಾದರೂ ಅದಕ್ಕಿಂತ ಹೆಚ್ಚು ಹೇಳಿಲ್ಲ.

ಗೊತ್ತಿದ್ದೂ ತಂದೆ.

ಏಪ್ರಿಲ್ 30

ಎಲ್ಡನ್ ಮಾತಾಡಿಲ್ಲ. ಹತ್ತೊಂಬತ್ತು ದಿನ.

ಕೆಳಗಿನ ಮನೆಯ ರೂಬೆನ್ ದಿನಾ ಬರುತ್ತಾನೆ. ಲಾರಿ ಮೆಕ್ಯಾನಿಕ್ ಆಗಿದ್ದವನು, ಈಗ ರಿಟೈರ್ಡ್. ಹೆಂಡತಿ ಮನೆಯಲ್ಲಿ ಟಿವಿ ಹಾಕುತ್ತಾಳೆ, ಅದಕ್ಕೇ ಇಲ್ಲಿಗೆ ಬರುತ್ತೇನೆ ಅನ್ನುತ್ತಾನೆ. ಏರ್ ಫಿಲ್ಟರಿನಲ್ಲಿ ಇಲಿಗೂಡು, ಮರಿಗಳ ಸಮೇತ. ಡೀಸೆಲ್ ಟ್ಯಾಂಕಿನ ತಳದಲ್ಲಿ ಕೆಸರು. ರೇಡಿಯೇಟರ್ ಮೂರು ಕಡೆ ತೂತು. ಸ್ಟಿಯರಿಂಗ್ ಕ್ಲಚ್ ಎರಡೂ ತುಕ್ಕು ಹಿಡಿದು ಕಚ್ಚಿಕೊಂಡಿವೆ. ಎಡಕ್ಕೊಂದು, ಬಲಕ್ಕೊಂದು ಲಿವರ್, ಎಳೆದರೆ ಆ ಕಡೆಯ ಚೈನು ಎಂಜಿನ್‌ನಿಂದ ಬಿಟ್ಟುಕೊಳ್ಳುತ್ತದೆ; ಕಾಲಿಗೆ ಎರಡು ಬ್ರೇಕ್. ಸ್ಟಿಯರಿಂಗ್ ಚಕ್ರ ಗಿಕ್ರ ಏನೂ ಇಲ್ಲ. ನಾನು ಇಪ್ಪತ್ತಾರು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಹಿಡಿಯಲು ಸ್ಟಿಯರಿಂಗ್ ಇಲ್ಲದ ಗಾಡಿಯ ಮೇಲೆ ಕೂತರೆ ಕೈ ಎಲ್ಲಿಡುವುದೆಂದೇ ತಿಳಿಯುವುದಿಲ್ಲ.

ಉಗುರು ಸಂದಿಯ ಕಪ್ಪು ಹೋಗುತ್ತಿಲ್ಲ. ಎಲ್ಡನ್‌ಗೆ ಊಟ ಮಾಡಿಸುವಾಗ ಅವನು ನನ್ನ ಉಗುರನ್ನೇ ನೋಡುತ್ತಾನೆ.

ಮೇ 17

ಸ್ಟಾರ್ಟ್ ಆಯಿತು. ಕಪ್ಪು ಹೊಗೆ, ಆಮೇಲೆ ಬೂದಿ ಬಣ್ಣ, ಆಮೇಲೆ ಇಲ್ಲ. ಇಡೀ ಅಂಗಳ ನಡುಗಿತು. ಅಡುಗೆಮನೆಯ ತಟ್ಟೆಗಳು ಕಟಕಟ ಅಂದವು. ರೂಬೆನ್ ಟೋಪಿ ತೆಗೆದು ನಿಂತ. ನನಗೆ ಖುಷಿಯಾಗಬೇಕಿತ್ತು. ಆದರೆ ಇನ್ನು ಹತ್ತದೆ ಇರಲು ನೆಪ ಉಳಿಯಲಿಲ್ಲ.

ಮೇ 18

ಇವತ್ತು ಮೊದಲ ಸಲ ನಾನೇ ಹತ್ತಿ ಓಡಿಸಿದೆ.

ಸಮನೆಲದಲ್ಲಿ ಚೆನ್ನಾಗೇ ಹೋಯಿತು. ಬಲ ಲಿವರ್ ಎಳೆದರೆ ಬಲಕ್ಕೆ, ಎಡ ಎಳೆದರೆ ಎಡಕ್ಕೆ. ಕೊಟ್ಟಿಗೆಯ ಹಿಂದಿನ ಇಳಿಜಾರಿಗೆ ತಿರುಗಿಸಿದೆ. ಎದುರಿಗೆ ಎಡಗಡೆ ಮನೆಯ ಅಡುಗೆ ಗ್ಯಾಸಿನ ದೊಡ್ಡ ಟ್ಯಾಂಕ್. ದೂರ ಸರಿಯೋಣವೆಂದು ಬಲ ಎಳೆದೆ. ಎಡಕ್ಕೆ ತಿರುಗಿತು. ಇನ್ನೂ ಜೋರಾಗಿ ಎಳೆದೆ, ಇನ್ನೂ ಎಡಕ್ಕೆ. ನೇರ ಟ್ಯಾಂಕಿನ ಕಡೆಗೆ. ಎರಡು ಕಾಲಲ್ಲೂ ಬ್ರೇಕ್ ತುಳಿದು ಕಣ್ಣು ಮುಚ್ಚಿದೆ. ಕಡಿದ ಮರದ ಮೊಂಡು ಬುಡಕ್ಕೆ ಬಡಿದು ನಿಂತಿತು. ಟ್ಯಾಂಕಿಗೆ ಒಂದು ಮಾರೂ ಇರಲಿಲ್ಲ.

ಎಂಜಿನ್ ಆಫ್ ಮಾಡಿದ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಎಲ್ಡನ್ ಕಿಟಕಿ ಗಾಜನ್ನು ಗುದ್ದುತ್ತಿದ್ದ.

ಮೇ 19

ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಹಿಂಬಾಗಿಲ ಸದ್ದು. ನೋಡಿದರೆ ಎಲ್ಡನ್ ವಾಕರ್ ಹಿಡಿದು ಅಂಗಳದಲ್ಲಿ. ಲಕ್ವ ಹೊಡೆದ ಮೇಲೆ ಒಬ್ಬನೇ ಹೊಸ್ತಿಲು ದಾಟಿದ್ದು ಇದೇ ಮೊದಲು. ಬುಲ್ಡೋಜರ್ ತನಕ ಹೋಗಿ ಚೈನಿಗೆ ಒರಗಿ ನಿಂತ. ಉಸಿರು ಬರಲು ಬಹಳ ಹೊತ್ತು ಹಿಡಿಯಿತು.

“ಇಳಿಜಾರಲ್ಲಿ ಉಲ್ಟಾ,” ಅಂದ. ಅವನ ಮಾತು ಈಗ ತುಂಡು ತುಂಡು. “ಬಲ ಎಳೆದ್ರೆ ಬಲಗಡೆ ಚೈನು ಬಿಟ್ಟುಕೊಳ್ಳುತ್ತೆ. ತಡೆಯೋಕೆ ಎಂಜಿನ್ ಇರಲ್ಲ. ಅದೇ ಮುಂದೆ ಓಡುತ್ತೆ. ಗಾಡಿ ಎಡಕ್ಕೆ ಹೋಗುತ್ತೆ.”

ಆಮೇಲೆ ಉಳಿದದ್ದನ್ನೂ ಹೇಳಿದ. ಕರ್ಟಿಸ್ ಎಡಗಡೆಯ ಕಮರಿಯ ಕಡೆಗೆ ಜಾರುತ್ತಿದ್ದನಂತೆ. ಇವನು ಮೇಲಿನಿಂದ ಕೂಗಿದನಂತೆ, ಬಲ ಎಳಿ, ಬಲ ಎಳಿ ಎಂದು. ಎಳೆಯಬೇಕಾದ್ದು ಎಡ ಅಂತ ಇವನಿಗೆ ಗೊತ್ತಿತ್ತು. ಇಪ್ಪತ್ತಮೂರನೇ ವಯಸ್ಸಿಗೇ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು ಬಲ.

“ನಾನು ಹೇಳಿದ ಹಾಗೇ ಮಾಡಿದ ಅವನು,” ಅಂದ.

ಕುರ್ಚಿ ತಂದು ಹಾಕಿದೆ. ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದ, ಬುಲ್ಡೋಜರಿನ ನೆರಳಿನಲ್ಲಿ.

ಜೂನ್ 24

ದಿನಾ ಪಾಠ. ಎಲ್ಡನ್ ಕುರ್ಚಿಯಲ್ಲಿ, ನಾನು ಮೇಲೆ. ಬಸ್ ಓಡಿಸುವವಳ ಹಾಗೆ ಕನ್ನಡಿ ಹುಡುಕಬೇಡ ಅಂತ ಬೈಯುತ್ತಾನೆ. ಹಿಂದಿನ ಸೀಟಲ್ಲಿ ಮಕ್ಕಳಿಲ್ಲ, ತಿರುಗಿ ನೋಡಬೇಡ. ಏನೂ ತೋಚದಿದ್ದರೆ ಮುಂದಿರುವ ಮಣ್ಣು ತಳ್ಳುವ ಬ್ಲೇಡ್ ನೆಲಕ್ಕೆ ಇಳಿಸು, ಅದು ನಿಲ್ಲಿಸುತ್ತದೆ. ರೂಬೆನ್ ಹಳೆಯ ಬೋರ್‌ವೆಲ್ ಪೈಪಿನಿಂದ ತಲೆಯ ಮೇಲೆ ಪಂಜರ ಬೆಸೆದುಕೊಟ್ಟ. ಮಗುಚಿದರೆ ತಡೆಯುತ್ತದಾ ಅಂದೆ. ಮಗುಚಬೇಡ ಅಂದ.

ಜುಲೈ 22

ಮನೆ ಸುತ್ತಲಿನ ಪಟ್ಟಿ ಮುಗಿಯಿತು. ಎರಡು ಬ್ಲೇಡ್ ಅಗಲ, ಬರಿ ಮಣ್ಣು.

ಇನ್ನೊಂದು ಕೆಲಸ ಉಳಿದಿದೆ. ಗುಡ್ಡದ ಹಿಂಬದಿಯಿಂದ ಹಳ್ಳಕ್ಕೆ ಇಳಿಯುವ ಹಳೆಯ ಮರ ಸಾಗಿಸುವ ದಾರಿ. ಐವತ್ತು ವರ್ಷದಿಂದ ಯಾರೂ ಬಳಸಿಲ್ಲ. ರಸ್ತೆ ಮುಚ್ಚಿಹೋದರೆ ಅದೊಂದೇ. ಮೇಲಿನ ಅರ್ಧ ಬಿಡಿಸಿದೆ. ಕೆಳಗಿನ ಅರ್ಧಕ್ಕೆ ಬಂದಾಗ ನಿಲ್ಲಿಸಿದೆ. ಎಡಕ್ಕೆ ಕಮರಿ. ಕಾಲಡಿ ಚಕ್ಕೆ ಕಲ್ಲು, ಒದ್ದೆ ಸೋಪಿನ ಹಾಗೆ ಜಾರುತ್ತದೆ. ಗಾಡಿಯನ್ನು ಹಿಂದಕ್ಕೆ ತೆಗೆದು ಮನೆಗೆ ಬಂದೆ.

ಎಲ್ಡನ್‌ಗೆ ನನ್ನಿಂದಾಗದು ಅಂದೆ. ಆಯ್ತು ಅಂದ.

ಆಗಸ್ಟ್ 14, ಬೆಳಿಗ್ಗೆ 11:20

ಹೊಗೆ. ದಕ್ಷಿಣಕ್ಕೆ. ಗಾಳಿ ನಮ್ಮ ಕಡೆಗೆ. ಚೀಲಗಳು ಬಾಗಿಲಲ್ಲಿವೆ. ಎಲ್ಡನ್‌ಗೆ ಬೂಟು ಹಾಕಿದೆ.

12:45

ರೂಬೆನ್ ರಸ್ತೆ ನೋಡಿ ಬಂದ. ಎರಡು ತಿರುವಿನ ಕೆಳಗೆ ಉರಿಯುವ ಮರಗಳು ಅಡ್ಡ ಬಿದ್ದಿವೆ, ಆಚೆ ಬೆಂಕಿ. ಅವನ ಹೆಂಡತಿ ಪುಣ್ಯಕ್ಕೆ ತಂಗಿ ಮನೆಯಲ್ಲಿದ್ದಾಳೆ. ಮೇಲಿನ ಮನೆಯ ಐಡಾ ಮುದುಕಿಯೂ ಕಾರು ತೆಗೆದುಕೊಂಡು ನಮ್ಮ ಅಂಗಳಕ್ಕೆ ಬಂದಿದ್ದಾಳೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಹೋಗಲೇಬೇಕು. ದೇವರೇ

ಆಗಸ್ಟ್ 16

ಪಟ್ಟಣದ ಹೈಸ್ಕೂಲು. ಜಿಮ್‌ನಲ್ಲಿ ಮಂಚಗಳು. ನಾವೆಲ್ಲ ಬದುಕಿದ್ದೇವೆ. ನೆನಪಿರುವಾಗಲೇ ಬರೆದಿಡುತ್ತೇನೆ.

ನಾನು ಮುಂದೆ, ಬುಲ್ಡೋಜರಿನಲ್ಲಿ. ಹಿಂದೆ ರೂಬೆನ್‌ನ ಪಿಕಪ್, ಅದರಲ್ಲಿ ಎಲ್ಡನ್. ಅದರ ಹಿಂದೆ ಐಡಾ, ಮಡಿಲಲ್ಲಿ ಬೆಕ್ಕು. ಮೇಲಿನ ಅರ್ಧ ಹತ್ತೇ ನಿಮಿಷ. ಆಮೇಲೆ ಆ ಜಾಗ. ಹೊಗೆ ಇಳಿದಿತ್ತು, ಇಪ್ಪತ್ತು ಹೆಜ್ಜೆ ಆಚೆ ಕಾಣದು. ಬಿದ್ದ ಮರಗಳನ್ನು ತಳ್ಳುತ್ತಾ, ಕುಸಿದ ಮಣ್ಣು ಸರಿಸುತ್ತಾ ಹೋದೆ. ಬೂದಿ ಉದುರುತ್ತಿತ್ತು. ಬಿಸಿ ಬೂದಿ, ಕತ್ತಿನ ಹಿಂದೆ.

ಚಕ್ಕೆ ಕಲ್ಲಿನ ಮೇಲೆ ಜಾರಿತು. ಮೂತಿ ಎಡಕ್ಕೆ, ಕಮರಿಯ ಕಡೆಗೆ ತಿರುಗಿತು. ಕಲಿತದ್ದೆಲ್ಲ ಹೋಯಿತು. ಬಲ ಎಳೆದೆ. ಇನ್ನೂ ಎಡಕ್ಕೆ ಹೋಯಿತು. ಬ್ಲೇಡ್ ಇಳಿಸಿದೆ. ನಿಂತಿತು. ಬಗ್ಗಿ ನೋಡಿದರೆ ಎಡ ಚೈನಿನ ಅರ್ಧ ಅಗಲ ಗಾಳಿಯಲ್ಲಿ, ಕೆಳಗೆ ಮರದ ತುದಿಗಳು. ಎರಡೂ ಬ್ರೇಕಿನ ಮೇಲೆ ಕಾಲಿಟ್ಟು ಕೂತೆ. ಇನ್ನು ಏನೇ ಮುಟ್ಟಿದರೂ ಸತ್ತೆ ಅನ್ನಿಸಿತು. ಎಷ್ಟು ಹೊತ್ತೋ. ಇಳಿದು ಓಡಿಹೋಗೋಣವೆಂದೂ ಅನ್ನಿಸಿತು. ಸುಳ್ಳು ಬರೆಯಲಾರೆ, ಅವನನ್ನು ಬಿಟ್ಟು ಓಡೋಣ ಅಂತಲೇ ಅನ್ನಿಸಿತು.

ಆಗ ಪಕ್ಕದಲ್ಲಿ ವಾಕರಿನ ಸದ್ದು. ಎಲ್ಡನ್. ರೂಬೆನ್ ತೋಳು ಹಿಡಿದಿದ್ದ, ಎಲ್ಡನ್ ಕೊಡವಿಕೊಂಡ. ಗುಡ್ಡದ ಕಡೆಯ ಚೈನಿನ ಹತ್ತಿರ ಬಂದು ಮುಖ ಮೇಲೆತ್ತಿದ.

“ಎಡ ಲಿವರ್ ಎಳಿ. ನಿಧಾನ. ಬ್ರೇಕ್ ಬಿಡು.”

ನಾನು ಅವನ ಬಾಯನ್ನೇ ನೋಡಿದೆ. ಒಂದು ಸಲ ತಪ್ಪು ಹೇಳಿದ ಬಾಯಿ. ನನ್ನ ಮುಖದಲ್ಲಿ ಅದು ಕಂಡಿರಬೇಕು. ಅವನು ಬ್ಲೇಡನ್ನು ಸುತ್ತಿಕೊಂಡು ಮುಂದಕ್ಕೆ ಹೋದ. ಹೋಗಿ ದಾರಿಯ ಎಡ ಅಂಚಿನಲ್ಲಿ, ಕಮರಿಗೆ ಬೆನ್ನು ಮಾಡಿ, ನನಗೆ ಎದುರಾಗಿ ನಿಂತ. ಗಾಡಿ ಹೋಗಬಾರದ ಜಾಗದಲ್ಲಿ. ಓಡಲಾರದ ಮನುಷ್ಯ.

ಎಂಜಿನ್ ಸಣ್ಣಗೆ ಓಡುತ್ತಿತ್ತು. ಅವನ ಮಾತು ಕೇಳಿಸಿತು.

“ಸರಿಯಾಗಿ ಎಳೆದ್ರೆ ನನ್ನಿಂದ ದೂರ ಹೋಗ್ತೀಯ, ಮಾರ್ಲಿಸ್.”

ಬ್ಲೇಡ್ ಎತ್ತಿದೆ. ಎಡ ಎಳೆದೆ. ಕೈ ಎಡ ಎಳೆಯುತ್ತಿದೆ, ಮೈಯೆಲ್ಲಾ ಬೇಡ ಬೇಡ ಅನ್ನುತ್ತಿದೆ. ಬ್ರೇಕ್ ಬಿಟ್ಟೆ. ಒಂದು ಕ್ಷಣ ನೇರ ಅವನ ಮೇಲೆಯೇ ಹೋಯಿತು. ಆಮೇಲೆ ಎಡ ಚೈನು ಬಿಟ್ಟುಕೊಂಡಿತು, ಮೂತಿ ಬಲಕ್ಕೆ ತಿರುಗಿತು, ಗುಡ್ಡದ ಕಡೆಗೆ. ಬ್ಲೇಡಿನ ಮೂಲೆ ಅವನ ವಾಕರಿಗೆ ತಾಗಿ ಅದನ್ನು ಬೀಳಿಸಿತು. ಅವನನ್ನು ಮುಟ್ಟಲಿಲ್ಲ.

ಹಳ್ಳ ದಾಟಿ ಟಾರು ರಸ್ತೆ ಸೇರುವಾಗ ಮೂರು ಗಂಟೆ. ಅಗ್ನಿಶಾಮಕದ ಹುಡುಗಿಯೊಬ್ಬಳು ಎಲ್ಲಿಂದ ಬಂದಿರಿ ಅಂತ ಕೇಳಿದಳು, ಅಲ್ಲಿ ದಾರಿಯೇ ಇಲ್ಲವಲ್ಲ. ಐಡಾ, “ಈಗ ಇದೆ,” ಅಂದಳು.

ಆಗಸ್ಟ್ 27

ಇವತ್ತು ಮೇಲೆ ಹೋಗಲು ಬಿಟ್ಟರು. ಮನೆ ಇಲ್ಲ. ನಾನು ಎಳೆದ ಪಟ್ಟಿ ಹಾಗೇ ಇದೆ, ಅಚ್ಚುಕಟ್ಟಾಗಿ, ಅದರ ಮೇಲೆ ಬೆಂಕಿ ಒಂದಡಿಯೂ ಬಂದಿಲ್ಲ. ಕಿಡಿ ಮೇಲಿನಿಂದ ಹಾರಿ ಬಂದಿದೆ. ಒಂದು ಚಿಮಣಿ, ಒಂದು ಒಲೆ. ರೂಬೆನ್‌ನ ಮನೆ ಉಳಿದಿದೆ. ಅವನಿಗೆ ನನ್ನ ಮುಖ ನೋಡಲು ಸಂಕೋಚ.

ಎಲ್ಡನ್ ಅಡುಗೆಮನೆ ಕಿಟಕಿ ಇದ್ದ ಜಾಗದ ಹತ್ತಿರ ತುಂಬ ಹೊತ್ತು ನಿಂತಿದ್ದ. ಅಳುತ್ತಾನೆಂದುಕೊಂಡೆ. ಹಸಿವಾಗ್ತಿದೆ ಅಂದ.

ಆಗಸ್ಟ್ 29, ಬೆಳಿಗ್ಗೆ 8:10

ರೂಬೆನ್‌ನ ಮನೆಯಲ್ಲಿದ್ದೇವೆ. ಉತ್ತರದ ಗುಡ್ಡದವರು ಬಂದಿದ್ದರು, ಗಂಡ ಹೆಂಡತಿ. ಅಲ್ಲಿ ಬೆಂಕಿ ಇನ್ನೂ ಆರಿಲ್ಲ, ನಾಳೆಯಿಂದ ಗಾಳಿ ಅನ್ನುತ್ತಿದ್ದಾರೆ. ಅವರಿಗೂ ಒಂದೇ ರಸ್ತೆ. ಹಿಂದುಗಡೆ ಒಂದು ಹಳೆಯ ದಾರಿ ಇದೆಯಂತೆ, ಕಡಿದಾದದ್ದು. ಬುಲ್ಡೋಜರ್ ತಂದು ಅದನ್ನು ಬಿಡಿಸಿಕೊಡುತ್ತೀರಾ ಅಂತ ಕೇಳಿದರು.

ಆಗುವುದಿಲ್ಲ ಅಂದೆ. ನಿಜವಾಗಿಯೂ ಅಂದೆ. ಹೆಂಗಸು ತಲೆಯಾಡಿಸಿ ಥ್ಯಾಂಕ್ಸ್ ಹೇಳಿ ಕಾರಿಗೆ ಹೋದಳು. ಕಾರು ಸ್ಟಾರ್ಟ್ ಮಾಡದೆ ಇಬ್ಬರೂ ಹಾಗೇ ಕೂತಿದ್ದಾರೆ.

ಹೆದರಿಕೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ. ಹೆಚ್ಚೇ ಆಗಿದೆ, ಈಗ ಆ ಅಂಚು ಹೇಗಿರುತ್ತದೆ ಅಂತ ಗೊತ್ತು. ಎಲ್ಡನ್ ಬೂಟು ಹಾಕಿಕೊಳ್ಳುತ್ತಿದ್ದಾನೆ, ಒಂದೇ ಕೈಯಲ್ಲಿ, ನನ್ನನ್ನು ಕರೆಯದೆ. ಲೇಸು ಕಟ್ಟಲು ಬರುತ್ತಿಲ್ಲ. ಕಾರು ಸ್ಟಾರ್ಟ್ ಆಯಿತು. ಹೊರಟೇಹೋಗುತ್ತಾರೆ, ನಾನು ಎದ್ದು