ಕೆಂಪೇರದ ಅಂಗಾಲು

ಗದಗ, ಫೆಬ್ರವರಿ ೩೦, ೨೩೧೪

ನೀಲಗಂಗಾ ಆಯಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನಿಸಬಹುದು, ಕ್ಷಮೆಯಿರಲಿ. ಚಂದ ಮಾಡಿ ಬರೆಯಲು ಪುರುಸೊತ್ತಿಲ್ಲ. ನಾನು ನಿಮ್ಮಿಂದ ಹತ್ತನೆಯ ತಲೆಮಾರಿನವಳು, ಹೆಸರು ತಂಗೆವ್ವ. ಈ ಕಾಗದ ಕಾಲದ ಹಿಂದಕ್ಕೆ ಸಾಗಿ, ನೀವು ಮದ್ದಿನ ಹಾಳೆಗೆ ಸಹಿ ಮಾಡುವ ಹಿಂದಿನ ದಿನ ನಿಮ್ಮ ಕೈ ಸೇರುತ್ತದೆ.

ನಿಮ್ಮ ಖಾನಾವಳಿಯ ವಿಷಯ ನಮಗೆಲ್ಲ ಗೊತ್ತು. ಬೆರಳಿನ ಗಿಣ್ಣುಗಳು ಊದಿ ಕೆಂಪಾಗಿ, ರೊಟ್ಟಿ ಬಡಿಯಲಾಗದೆ ನೀವು ಹಿಟ್ಟಿನ ಮುಂದೆ ಕೂತು ಅತ್ತಿದ್ದೂ ಗೊತ್ತು. ಹೊಸ ಮದ್ದಿನ ಪ್ರಯೋಗಕ್ಕೆ ಒಪ್ಪಿ ನೀವು ಸಹಿ ಮಾಡಿದ ಹಾಳೆಯ ನಕಲು ಕಟ್ಟು ಹಾಕಿಸಿಕೊಂಡು ನಮ್ಮ ಪಡಸಾಲೆಯಲ್ಲಿ ತೂಗುತ್ತಿದೆ. ಅದು ನಮ್ಮ ವಂಶದ ಹೆಮ್ಮೆ. ಮೊನ್ನೆಯವರೆಗೆ ನನಗೂ ಹೆಮ್ಮೆಯಿತ್ತು.

ಮೈಯೊಳಗಿನ ಕಾವಲು ಕಣಗಳ ಮೇಲೆ ಗಾಂಜಾ ಗಿಡದ ಸತ್ವ ಬಂದು ಕೂರುವ ಪೀಠಗಳಂಥ ಗ್ರಾಹಕಗಳಿವೆ ಎಂದು ಡಾಕ್ಟರು ನಿಮಗೆ ಹೇಳಿರುತ್ತಾರೆ. ಅಂಥದೇ ವಸ್ತುವನ್ನು ಮೈ ತಾನೂ ತಯಾರಿಸುತ್ತದೆ. ಅದು ಬಂದು ಕೂತರೆ ಕಣಗಳ ಸಿಟ್ಟು ಇಳಿದು ಊತ ತಗ್ಗುತ್ತದೆ. ಎದ್ದು ಹೋದರೆ ಅವು ಮತ್ತೆ ಎಚ್ಚರಾಗುತ್ತವೆ. ನಿಮ್ಮ ಮದ್ದು ಆ ಗ್ರಾಹಕವನ್ನೇ ಬದಲಿಸಿತು. ಯಾರೂ ಬಂದು ಕೂರದಿದ್ದರೂ ಅದು 'ಸಾಕು, ಸುಮ್ಮನಿರು' ಎನ್ನುತ್ತಲೇ ಇರುತ್ತದೆ, ಗಾಯಕ್ಕೆ ನಂಜು ಹೊಕ್ಕರೂ ಕಣಗಳು ಏಳುವುದಿಲ್ಲ. ಆ ಬದಲಾವಣೆ ನಿಮ್ಮಿಂದ ಮಕ್ಕಳಿಗೆ ದಾಟಿ, ತಲೆಮಾರು ಕಳೆದಂತೆ ಬಿಗಿಯಾಗುತ್ತ ನಮಗೆ ಬಂತು.

ಹೀಗಾಗಿ ನಮ್ಮ ಮನೆಗಳಲ್ಲಿ ಬೆಳಿಗ್ಗೆ ಚಹಾಕ್ಕೆ ಮೊದಲು ಕೆಂಪುನೋಟ. ನಿಂಬೆ ಮುಳ್ಳಿನಿಂದ ಪ್ರತಿಯೊಬ್ಬರ ಮೊಣಕೈ ಕೆಳಗೆ ಒಂದು ಗೀರು ಎಳೆದು, ಅದು ಕೆಂಪಾಗುತ್ತದೆಯೇ ಎಂದು ಕಾಯುತ್ತೇವೆ. ಕೆಂಪಾದರೆ ಬಾಯಿಗೆ ಬೆಲ್ಲ. ನನ್ನ ಮಗಳು ಚಿಗರಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಅವಳಿಗೆ ಬೆಲ್ಲ ಸಿಕ್ಕಿಲ್ಲ.

ಮೂರು ದಿನದ ಹಿಂದೆ ಅವಳು ಜಾಲಿ ಮುಳ್ಳು ತುಳಿದಳು. ಅಂಗಾಲು ಊದಲಿಲ್ಲ, ಬಿಸಿಯಾಗಲಿಲ್ಲ. ಇವತ್ತು ಹಿಮ್ಮಡಿ ಕಪ್ಪಗಾಗಿದೆ. "ಏನೂ ಬ್ಯಾನಿ ಇಲ್ಲ ಬಿಡ ಯವ್ವಾ, ಸುಮ್ನ ಹೆದರ್ತಿ ನೀ" ಎಂದು ನಗುತ್ತಾಳೆ. ನಾನು ಮತ್ತೆ ಅವಳ ಅಂಗಾಲು ಮುಟ್ಟಿ ನೋಡುತ್ತೇನೆ. ಊತಗಾರ್ತಿ, ಅಂದರೆ ಇನ್ನೂ ಮೈ ಕೆಂಪೇರುವ, ತನ್ನ ರಕ್ತದ ಕಣಗಳನ್ನು ಬೇರೆಯವರಿಗೆ ಕೊಡುವ ಹೆಂಗಸು, ಇಡೀ ಜಿಲ್ಲೆಗೆ ಒಬ್ಬಳೇ. ಮಧ್ಯಾಹ್ನ ಬರುತ್ತೇನೆ ಎಂದು ಹೇಳಿಕಳಿಸಿದ್ದಾಳೆ. ಈಗ ಹತ್ತೂವರೆ. ಈ ಕಾಗದ ಶುರು ಮಾಡಿದಾಗ ಹಿಮ್ಮಡಿಯಲ್ಲಿದ್ದ ಕಪ್ಪು ಈಗ ಪಾದದ ಗಂಟು ಮುಟ್ಟಿದೆ.

ಆಯಿ, ಮದ್ದೇ ಬೇಡ ಎನ್ನಲಾರೆ. ನಿಮ್ಮ ಬೆರಳು ಹಾಗೆ ಸುಡುವಾಗ ಬೇಡ ಎನ್ನಲು ನಾನ್ಯಾರು? ಬಂದು ಕೂತು, ಎದ್ದು ಹೋಗುವ ಮದ್ದು ಕೊಡಿ ಎಂದು ಕೇಳಿ. ಅದು ಇಳಿದಾಗಲೆಲ್ಲ ಮತ್ತೆ ನೋಯುತ್ತದೆ, ಬಲ್ಲೆ. ನಿಮ್ಮ ಹಾಳೆಯ ಏಳನೆಯ ಸಾಲಿನಲ್ಲಿ 'ಶಾಶ್ವತವಾಗಿ' ಎಂಬ ಮಾತಿದೆ. ಸಹಿಗೆ ಮೊದಲು ಅದರ ಮೇಲೆ ಒಂದು ಗೆರೆ ಎಳೆಯಿರಿ. ಪೆನ್ನು ಹಿಡಿದರೆ ನಿಮ್ಮ ಬೆರಳು ನೋಯುತ್ತದೆ. ನೋಯಲಿ ಆಯಿ. ನನ್ನ ಮಗಳಿಗೆ ನೋಯುತ್ತಿಲ್ಲ.

ತಂಗೆವ್ವ