ಸೈಡ್‌ಕಾರಿನಿಂದ ಕಾಣದ ಬೆಟ್ಟ

ಡೊಂಬೋಸ್, ಫೆಬ್ರವರಿ ೯

ಪ್ರೀತಿಯ ಅಸ್ಲಾಕ್,

ಕಾಲಿನ ನೋವು ಹೇಗಿದೆ? ಬೈಕ್ ಸವಾರರ ಚಳಿಗಾಲದ ಶಿಬಿರದಲ್ಲಿ ಜಾರಿ ಬಿದ್ದ ನಿನ್ನನ್ನು ಆಂಬುಲೆನ್ಸಿಗೆ ಹತ್ತಿಸುವಾಗ, "ಬೈಕನ್ನು ಲಾರಿಗೆ ಹಾಕಿಸು, ನೀನು ಬಸ್ಸಿನಲ್ಲಿ ಹೋಗು" ಎಂದು ನೀನು ಹೇಳಿದ್ದೆ. ಬೈಯಬೇಡ. ನಮ್ಮ ಹಳ್ಳಿ ದಾಟಿ ಎಂದೂ ಓಡಿಸದ ನಾನೇ ಅದನ್ನು ಓಡಿಸಿಕೊಂಡು ಬಂದೆ.

ಬಿರುಗಾಳಿಗೆ ಬೆಟ್ಟದ ರಸ್ತೆಯ ಯೆರ್ಕಿನ್ ಗೇಟು ಮುಚ್ಚಿತ್ತು. ಹಿಮ ತಳ್ಳುವ ಲಾರಿಯ ಹಿಂದೆ ಮಾತ್ರ ಗಾಡಿಗಳನ್ನು ಸಾಲಾಗಿ ಬಿಡುತ್ತಿದ್ದರು. ಅದರ ಡ್ರೈವರ್ ಹೆಂಗಸು ನನ್ನನ್ನು ನೋಡಿ, "ಏನಮ್ಮಾ, ಗಂಡನ ಜೊತೆ ಜಗಳವಾಯ್ತಾ?" ಅಂದಳು.

"ಇಲ್ಲ ಕಣೇ, ಅವನ ಕಾಲು ಮುರಿದಿದೆ."

"ಅಷ್ಟು ದೊಡ್ಡ ಜಗಳಾನಾ!" ಎಂದು ನಕ್ಕು, ನನ್ನನ್ನು ತನ್ನ ಲಾರಿಯ ಬೆನ್ನಿಗೇ ನಿಲ್ಲಿಸಿಕೊಂಡಳು.

ಇಪ್ಪತ್ತಾರು ಚಳಿಗಾಲ ನಿನ್ನ ಬೈಕಿನ ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನಲ್ಲಿ ಕಂಬಳಿ ಹೊದ್ದು, ಕಣ್ಣು ಮುಚ್ಚಿಯೇ ಈ ಬೆಟ್ಟ ದಾಟಿದ್ದೇನೆ. ಇವತ್ತು ಕಣ್ಣು ತೆರೆದಿರಲೇಬೇಕಾಯಿತು. ಹಿಮ ರಸ್ತೆಗೆ ಅಡ್ಡಲಾಗಿ ಹೊಳೆಯ ಹಾಗೆ ಹರಿಯುತ್ತಿತ್ತು. ಗಾಳಿ ಗಾಡಿಯನ್ನು ನೂಕಿದಾಗಲೆಲ್ಲ ಹೆದರಿಕೆಯಿಂದಲೋ ಖುಷಿಯಿಂದಲೋ ಕೂಗಿಕೊಂಡೆ. ಬೆಟ್ಟದ ನೆತ್ತಿ ತಲುಪಿದಾಗ ಒಂದು ನಿಮಿಷ ಮೋಡ ಸರಿಯಿತು. ಹಾರುವ ಹಿಮವೆಲ್ಲ ಹೊಂಬಣ್ಣವಾಗಿ, ಆಕಾಶ ಯಾವುದು, ನೆಲ ಯಾವುದು ತಿಳಿಯದಾಯಿತು. ನಾನು ಇಷ್ಟು ಚಿಕ್ಕವಳೆಂದು ಯಾವತ್ತೂ ಅನ್ನಿಸಿರಲಿಲ್ಲ. ಇಷ್ಟು ಸಂತೋಷವೂ ಆಗಿರಲಿಲ್ಲ. ಇದನ್ನೆಲ್ಲ ವರ್ಷವರ್ಷವೂ ನೋಡಿ ನೀನು ಸುಮ್ಮನಿದ್ದೆಯಲ್ಲ!

ಬಸ್ ಡ್ರೈವರ್ ಈ ಪತ್ರವನ್ನು ಸಂಜೆಯೇ ಆಸ್ಪತ್ರೆಗೆ ಮುಟ್ಟಿಸುತ್ತಾನೆ. ಕುರಿಗಳಿಗೆ ಇನ್ನೊಂದು ದಿನ ಹುಲ್ಲು ಹಾಕಲು ಪಕ್ಕದ ಮನೆಯ ಬೊರ್ಗಿಲ್ಡಳಿಗೆ ನೀನೇ ಫೋನು ಮಾಡಿ ಹೇಳು. ನಾನು ಮಾಡಿದರೆ ಕಾರಣ ಕೇಳುತ್ತಾಳೆ. ಇಲ್ಲಿಂದ ಮನೆಯ ದಾರಿ ತೆರೆದೇ ಇದೆ. ಆದರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆ ಲಾರಿ ಮತ್ತೆ ಬೆಟ್ಟ ಹತ್ತುತ್ತದಂತೆ. ನಾನೂ ಅದರ ಹಿಂದೆ ಹೊರಟಿದ್ದೇನೆ.

ನಿನ್ನ
ಗುನ್ವೋರ್