ಪೂಜೆಯ ಹೊತ್ತಿಗೆ ಹೋಗುವ ವೈಫೈ

ಇಂಡಿ
ಶುಕ್ರವಾರ, ೧೪ ಜೂನ್ ೨೦೨೪

ಪ್ರೀತಿಯ ಆನಂದ ಅವರಿಗೆ, ಶುಭಾ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಆಲಮಟ್ಟಿಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇರುವವರು, ಫ್ಯಾನಿನ ಕೆಳಗೇ ಮಲಗಬೇಡಿ. ನಾವೆಲ್ಲ ಆರಾಮ. ಫೋನಿನಲ್ಲಿ ಏನು ಹೇಳಿದರೂ ಮಾವನವರು ಪಡಸಾಲೆಯಿಂದಲೇ ಹೂಂಗುಡುತ್ತಾರೆ. ಪಕ್ಕದ ಮನೆಯ ಶ್ರೀಶೈಲ ನಾಳೆ ನಿಮ್ಮ ಕಡೆಗೇ ಹೊರಟಿದ್ದಾನೆ, ಅದಕ್ಕೇ ಕಾಗದ ಹಿಡಿದೆ.

ಥೂ, ಈ ಮನೆಯ ವೈಫೈ ಸುದ್ದಿ ಎತ್ತಿದರೆ ಹೇಸಿಗೆ ಬರುತ್ತದೆ. ಆನ್‌ಲೈನಿನಲ್ಲಿ ಗಣಿತ ಕಲಿಸುವ ಕೆಲಸಕ್ಕೆ ಸೊಲ್ಲಾಪುರದವರು ಬುಧವಾರ ಮುಂಜಾನೆ ನನ್ನ ಸಂದರ್ಶನ ಇಟ್ಟಿದ್ದರಲ್ಲ? ಎಂ.ಎಸ್ಸಿ. ಮುಗಿಸಿ ಇಷ್ಟು ವರ್ಷ ಚಪಾತಿ ಲಟ್ಟಿಸಿದವಳಿಗೆ ಬಂದ ಮೊದಲ ಕರೆ. ಮೊದಲ ಪ್ರಶ್ನೆಗೆ ಬಾಯಿ ತೆರೆದೆ, ಪರದೆ ನಿಂತಿತು. ಅವರ ಕಡೆ ನನ್ನ ಬಾಯಿ ತೆರೆದಂತೆಯೇ ಉಳಿದಿತ್ತಂತೆ! ಸೋಮವಾರ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಅದೇ ಕೊನೆಯದು.

ರಿಪೇರಿಯ ಮೈಬೂಬ ಬರುವುದು ಊಟವಾದ ಮೇಲೆ. ಆಗ ನೆಟ್ ಕುದುರೆಯಂತೆ ಓಡುತ್ತಿರುತ್ತದೆ. "ಎಲ್ಲಾ ಬರೋಬ್ಬರಿ ಐತ್ರಿ ಬಾಯಾರ, ನಿಮ್ಮ ಕಂಪ್ಯೂಟರದಾಗ ದೋಷ ಐತಿ" ಎಂದ. ಕಂಪ್ಯೂಟರ್ ಅಂಗಡಿಯವನು ದೋಷ ವೈಫೈಯದು ಎಂದ. ವೈರ್ ಬದಲಿಸಿದೆ, ಪಾಸ್‌ವರ್ಡ್ ಬದಲಿಸಿದೆ, ಆಫ್ ಮಾಡಿ ಆನ್ ಮಾಡಿ ಬೆರಳು ಸವೆಯಿತು. ಮುಂಜಾನೆಯಾದರೆ ಮತ್ತದೇ ರಗಳೆ.

ಇವತ್ತು ಮಡಿಸೀರೆ ಉಟ್ಟು ದೇವರಮನೆಗೆ ಹೂ ಕೊಡಲು ಹೋದೆ. ವೈರ್ ಆ ಕಿಟಕಿಯಿಂದಲೇ ಬಂದಿದೆಯೆಂದು ನೀವೇ ವೈಫೈ ಡಬ್ಬಿಯನ್ನು ಅಲ್ಲಿ ಇಡಿಸಿದ್ದಿರಲ್ಲ, ಅದು ಕಾಣಲೇ ಇಲ್ಲ. ಅದರ ಮೇಲೆ ತಾಮ್ರದ ಬೋಗುಣಿ ಬೋರಲು! "ಕಂಡಕಂಡವರು ಮುಟ್ಟಿದ್ದು, ನೈವೇದ್ಯಕ್ಕ ಮೈಲಿಗಿ ಆಗ್ತದವಾ" ಎಂದರು ಮಾವನವರು. ಪೂಜೆ, ಪಾರಾಯಣ, ನೈವೇದ್ಯ ಎಲ್ಲ ಮುಗಿಯುವವರೆಗೆ ಅದು ತಾಮ್ರದೊಳಗೆ ಬಂದಿ. ನನ್ನ ಕಂಪ್ಯೂಟರ್ ಇರುವ ಹಿತ್ತಿಲ ಕೋಣೆಗೆ ಸಿಗ್ನಲ್ ಹೇಗೆ ಬಂದೀತು, ನನ್ನ ಕರ್ಮ! ದೇವರ ಮೇಲೆ ನನಗೆ ಸಿಟ್ಟಿಲ್ಲ, ಈ ಮಡಿಯ ಹುಚ್ಚಾಟ ನೋಡಿ ಮೈ ಉರಿಯುತ್ತದೆ. ಡಬ್ಬಿ ಬೇರೆಡೆ ಇಡಲು ಮೈಬೂಬನ ಬಳಿ ಉದ್ದನೆಯ ವೈರ್ ಇಲ್ಲ. ನಾನು ಬೋಗುಣಿ ತೆಗೆದರೆ ಮಾವನವರು ಊಟ ಬಿಡುತ್ತಾರೆ. ನೀವು ಹೇಳಿದರೆ ಕೇಳುತ್ತಾರೆ. ಸೋಮವಾರ ಒಂದು ದಿನ ಮುಚ್ಚಬೇಡಿ ಎಂದು ಹೇಳಿ. ಈ ಮನೆಯಲ್ಲಿ ನನ್ನ ಕಡೆ ಮಾತಾಡಲು ನಿಮ್ಮನ್ನು ಬಿಟ್ಟು ಯಾರಿದ್ದಾರೆ?

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಹೆಂಡತಿ
ಶುಭಾ

ತಾ.ಕ.: ಕಾಗದ ಮಡಚುವಾಗ ಮಾವನವರು ಬಂದರು. ಇಷ್ಟು ದಿನ ಇಲ್ಲದ ಬೋಗುಣಿ ಈಗೇಕೆ ಎಂದು ಕೇಳಿಯೇ ಬಿಟ್ಟೆ. "ಮೊದಲ ನಾ ಬರೇ ಧೋತರದ ಅರಿವಿ ಮುಚ್ತಿದ್ದೆ. ಅರಿವಿ ಬ್ಯಾಡ, ತಾಮ್ರದ್ದ ಮುಚ್ಚ್ರಿ ಅಂತ ಆನಂದನೇ ಫೋನ್ ಮಾಡಿ ಹೇಳ್ಯಾನ" ಎಂದರು. ಯಾವಾಗ ಎಂದೆ. "ನಿನಗ ಸೊಲ್ಲಾಪುರದವರ ಫೋನ್ ಬಂತಲ್ಲ, ಅವತ್ತ." ನೀವು ವಿದ್ಯುತ್ ಎಂಜಿನಿಯರ್. ತಾಮ್ರದೊಳಗಿಂದ ಸಿಗ್ನಲ್ ಬರುವುದಿಲ್ಲವೆಂದು ಮಾವನವರಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ಬೋಗುಣಿ ತೆಗೆಯಿರೆಂದು ಅವರಿಗೆ ಈಗ ಏನೂ ಹೇಳಬೇಡಿ. ಕಂಪ್ಯೂಟರ್ ಬಿಚ್ಚಿ ಕಟ್ಟಿಟ್ಟಿದ್ದೇನೆ. ಸೋಮವಾರ ಬಾಗೇವಾಡಿಯ ತವರಿನಲ್ಲಿ ಕೂತು ಸಂದರ್ಶನ ಕೊಡುತ್ತೇನೆ. ಕರೆಯಲು ಬರಬೇಡಿ.